ಚಳಿಗೆ ಬಿಟ್ಟ ಗಿಡಗಳು

ನನಗೆ ಒಂದು ಕಡೆ ಕೂಡಲಿಕ್ಕೆ ಬರುವುದಿಲ್ಲ. ಊಟಕ್ಕೆ ಕೂತರೂ ನಡುವೆ ಒಮ್ಮೆ ಎದ್ದು ಬಾಗಿಲ ತನಕ ಹೋಗಿ ಬಂದರೇ ಸಮಾಧಾನ. ಬಸ್ಸು ಹತ್ತು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆಯತೊಡಗುತ್ತೇನೆ. ಎಷ್ಟೋ ಸಲ ಆ ಬಸ್ಸು ದಾರಿಯಲ್ಲಿ ನನ್ನನ್ನು ದಾಟಿಕೊಂಡು ಹೋಗಿದೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದನ್ನೆಲ್ಲ ನೋಡಿ, "ನಿಮ್ಮ ಕಾಲಾಗ ಚಕ್ರ ಅದಾವು" ಎಂದು ನಕ್ಕಿದ್ದಳು. ಇಂಥವನು ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ಗಿಡ ಬೆಳೆಸುವ ಕೆಲಸ. ಗಿಡವೋ, ಯಾರ ಅವಸರಕ್ಕೂ ಒಂದು ಎಲೆ ಹೆಚ್ಚು ಬಿಡುವುದಿಲ್ಲ.

ಇಂಡಿ ಊರಿನ ಹೊರಗೆ ರಸ್ತೆಗೆ ಹತ್ತಿಕೊಂಡು ನಮ್ಮದೊಂದು ನರ್ಸರಿ ಇತ್ತು. ಲಿಂಬೆ ಸಸಿಯಿಂದಲೇ ಮನೆ ನಡೆಯುತ್ತಿತ್ತು. ತೊಂಬತ್ತರ ದಶಕದ ನಡುವಿಗೆ ನಮ್ಮ ಕಡೆ ಜನಕ್ಕೆ ಶೋ ಗಿಡದ ಹುಚ್ಚು ಹಿಡಿಯಿತು. ಆರ್‌ಸಿಸಿ ಮನೆ ಕಟ್ಟಿದವರೆಲ್ಲ ಗೇಟಿನ ಎರಡೂ ಬದಿಗೆ ಪಾಮ್ ಬೇಕೆನ್ನತೊಡಗಿದರು. ನಾನು ಕರಾವಳಿ ಕಡೆಯಿಂದ ಒಂದು ಲಾರಿ ಗಿಡ್ಡ ಪಾಮ್ ತರಿಸಿದೆ. ಖರ್ಜೂರದ ಕುಲದ್ದೇ, ಆದರೆ ಆಳೆತ್ತರವೂ ಆಗದೆ ಕೊಡೆ ಬಿಚ್ಚಿದ ಹಾಗೆ ಗರಿ ಇಳಿಬಿಟ್ಟು ನಿಲ್ಲುತ್ತದೆ. ಗರಿ ಬಲು ನಯ. ಬಂದ ಗಿರಾಕಿಗಳು ಮೊದಲು ಅದನ್ನು ಸವರುತ್ತಿದ್ದರು, ಆಮೇಲೆ ಬುಡದ ಮುಳ್ಳು ಚುಚ್ಚಿಸಿಕೊಂಡು ಕೈ ಹಿಂದೆಗೆಯುತ್ತಿದ್ದರು. ಆದರೂ ಒಯ್ಯುತ್ತಿದ್ದರು.

ಅದರಲ್ಲಿ ಹನ್ನೆರಡು ಗಿಡ ಬಸವನ ಬಾಗೇವಾಡಿಯ ಒಂದು ಹೆಣ್ಣುಮಕ್ಕಳ ಶಾಲೆಗೆ ಹೋದವು. ಅಲ್ಲಿಯ ಹೆಡ್‌ಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ಎತ್ತರದ ಹೆಂಗಸು, ಚಾಳೀಸಿನ ಕನ್ನಡಕದ ಮೇಲಿಂದ ನೋಡಿ ಮಾತಾಡುವವರು. ಗೇಟಿನಿಂದ ವರಾಂಡದ ತನಕ ಎರಡು ಸಾಲು ಪಾಮ್ ಇರಬೇಕು ಅನ್ನುವುದು ಅವರ ಬಹಳ ದಿನದ ಆಸೆ. ದೀಪಾವಳಿ ಆದ ಮೇಲೆ ನಾನೇ ಹೋಗಿ ನೆಟ್ಟು ಬಂದೆ. ಆ ಹೊತ್ತಿನಲ್ಲಿ ನೆಡಬಾರದಿತ್ತು. ನೆರಳಿನಲ್ಲಿ ಬೆಳೆದು ಬಂದ ಗಿಡಕ್ಕೆ ಚಳಿ ಬರುವುದರೊಳಗೆ ಬೇರು ಹಿಡಿಯಲು ಸಮಯ ಸಾಲದು. ಇದು ನನಗೆ ಗೊತ್ತಿತ್ತು. ಆದರೆ ಲಾರಿ ಬಂದಿತ್ತು, ಗಿಡ ಕಣ್ಣೆದುರಿಗಿತ್ತು, ನನ್ನ ಕೈ ಸುಮ್ಮನಿರಲಿಲ್ಲ.

ಹೊರಗಿನವರಿಗೆ ನಮ್ಮ ಬಿಸಿಲು ಗೊತ್ತು, ಚಳಿ ಗೊತ್ತಿಲ್ಲ. ಡಿಸೆಂಬರ್ ಕಡೆಗೆ, ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬೀಸುವ ಒಣ ಗಾಳಿಗೆ ತುಟಿ ಒಡೆದು ರಕ್ತ ಬರುತ್ತದೆ. ಆ ಶಾಲೆಯ ಅಂಗಳ ಬೇರೆ ತಗ್ಗಿನಲ್ಲಿತ್ತು. ತಗ್ಗಿನಲ್ಲಿ ಚಳಿ ನೀರಿನ ಹಾಗೆ ಇಳಿದು ನಿಲ್ಲುತ್ತದೆ. ಸಂಕ್ರಾಂತಿ ಕಳೆದ ವಾರ ಹೆಡ್‌ಬಾಯಿಯವರು ಬಸ್ಸು ಹತ್ತಿ ಇಂಡಿಗೆ ಬಂದರು. ಕೈಚೀಲದಿಂದ ಹಳೆ ಪೇಪರಿನಲ್ಲಿ ಸುತ್ತಿದ ಏನನ್ನೋ ತೆಗೆದು ನನ್ನ ಮುಂದೆ ಬಿಚ್ಚಿದರು. ಪಾಮಿನ ಸುಳಿ, ನೆತ್ತಿಯ ಎಳೆಗರಿ; ಅದು ಹೋದರೆ ಗಿಡ ಹೋದ ಹಾಗೆ. ಬುಡ ಕಂದಿ ಕೊಳೆತಿತ್ತು.

"ಹಿಡದು ಎಳದ್ರ ಕೈಯಾಗ ಬಂತೋ ತಮ್ಮಾ. ಹನ್ನೆರಡೂ ಹಂಗ ಆಗ್ಯಾವು," ಎಂದರು. "ಹುಡುಗ್ಯಾರು ದಿನಾ ಬಾವಿಯಿಂದ ಕೊಡಪಾನದಾಗ ನೀರ ತಂದು ಹಾಕ್ಯಾರ. ಒಬ್ಬೊಬ್ಬಾಕಿ ಒಂದೊಂದು ಗಿಡ ಅಂತ ಹಂಚಿ ಕೊಟ್ಟಿದ್ದೆ. ಈಗ ಅವರ ಮುಂದ ನಿಂತು ನಾ ಏನ ಹೇಳ್ಲಿ?"

ದುಡ್ಡು ವಾಪಸು ಕೊಡುತ್ತೇನೆ ಅಂದೆ. ಅವರು ಚಾಳೀಸಿನ ಮೇಲಿಂದ ನೋಡಿದರು. "ರೊಕ್ಕ ಬ್ಯಾಡ. ಚಳಿಗೆ ಸಾಯಲಾರದ ಗಿಡ ಕೊಡು."

ಅಂಥದ್ದು ಇಲ್ಲ ಅನ್ನಬೇಕಿತ್ತು. ನನ್ನ ಬಾಯಿ ನನಗಿಂತ ಮುಂದೆ ಓಡಿತು. "ನಾನ ಹುಟ್ಟಸಿ ಕೊಡ್ತೇನ್ರಿ ಬಾಯಾರ," ಅಂದೆ.

"ನಾ ರಿಟೈರ್ ಆಗೂದರಾಗ ಕೊಡು," ಎಂದು ಪೇಪರು ಮಡಚಿ ಚೀಲಕ್ಕೆ ಹಾಕಿಕೊಂಡರು. ಸತ್ತ ಸುಳಿಯನ್ನು ಮಾತ್ರ ನನ್ನ ಮುಂದೆಯೇ ಬಿಟ್ಟು ಹೋದರು. ಅವರ ನೌಕರಿ ಇನ್ನು ಐದು ವರ್ಷ ಚಿಲ್ಲರೆ ಇತ್ತು.

ಎಲ್ಲಿಂದ ಹುಟ್ಟಿಸುವುದು ಅನ್ನುವ ಯೋಚನೆಯಲ್ಲಿ ನಿದ್ದೆ ಕೆಟ್ಟಿತು. ಉತ್ತರ ಬಸ್ಸಿನ ಕಿಟಕಿಯಲ್ಲಿ ಸಿಕ್ಕಿತು. ಮಸೂತಿ ಕಡೆ ಹೋಗುತ್ತಿದ್ದೆ. ಹಳ್ಳದ ದಂಡೆಗೆ ಈಚಲು ಸಾಲಾಗಿ ನಿಂತಿದ್ದವು. ಹುಟ್ಟಿದಾಗಿನಿಂದ ನೋಡಿದ ಗಿಡ. ಕಸಬರಿಗೆಗೆ, ಚಾಪೆಗೆ ಗರಿ ಕೊಯ್ಯಲು ಬಿಟ್ಟರೆ ಯಾರೂ ಅದರ ಕಡೆ ತಿರುಗಿ ನೋಡುವವರಿಲ್ಲ. ಬಿಸಿಲಿಗೂ ಸಾಯುವುದಿಲ್ಲ, ಚಳಿಗೂ ಸಾಯುವುದಿಲ್ಲ. ಅದೂ ಖರ್ಜೂರದ ಕುಲದ್ದೇ. ಈ ಕುಲದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದು ಜಾತಿಯ ಪರಾಗದ ಧೂಳು ಇನ್ನೊಂದು ಜಾತಿಗೂ ಸುಲಭವಾಗಿ ಹತ್ತುತ್ತದೆ ಅಂತ ತೋಟಗಾರಿಕೆಯ ಪುಸ್ತಕವೊಂದರಲ್ಲಿ ಓದಿದ್ದೆ. ಈಚಲ ಗಂಡಿನ ಧೂಳನ್ನು ನರ್ಸರಿಯ ನೆರಳಿನಲ್ಲಿ ಉಳಿದಿದ್ದ ನನ್ನ ಗಿಡ್ಡ ಪಾಮಿನ ಹೆಣ್ಣಿಗೆ ಹಾಕಿದರೆ ತಾಯಿಯ ನಯ, ತಂದೆಯ ಗಟ್ಟಿತನ ಎರಡೂ ಬಂದೀತು. ಕಂಡಕ್ಟರ್ ಬೈಯುತ್ತಿದ್ದರೂ ಅಲ್ಲೇ ಇಳಿದುಬಿಟ್ಟೆ.

ಗಂಡು ಯಾವುದು ಅಂತ ತೋರಿಸಿದವನು ಹಳ್ಳದಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ. "ಇದೊಂದು ಹಣ್ಣ ಬಿಡಂಗಿಲ್ಲ ನೋಡ್ರಿ. ಬರೇ ಹಿಟ್ಟ ಉದರಸ್ತೈತಿ. ಕಡದು ಹಾಕೂದ ಚಲೋ," ಎಂದ. ಕಡಿಯಬೇಡ ಅಂತ ಅವನಿಗೆ ಕೈ ಮುಗಿದೆ. ಹುಚ್ಚನನ್ನು ನೋಡುವ ಹಾಗೆ ನೋಡಿದ, ಆದರೆ ಕಡಿಯಲಿಲ್ಲ. ಹೊಂಬಾಳೆ ಬಿರಿಯುವ ದಿನಕ್ಕೆ ಕಾದು, ಏಣಿ ಹೊತ್ತೊಯ್ದು, ಮೈಕೈ ಗೀಚಿಸಿಕೊಂಡು ಧೂಳನ್ನು ಕಾಗದಕ್ಕೆ ಉದುರಿಸಿಕೊಂಡೆ. ಒಯ್ಯಲು ತಪಕೀರಿನ, ಅಂದರೆ ನಶ್ಯದ, ಖಾಲಿ ಡಬ್ಬಿ ಬಿಟ್ಟರೆ ಬೇರೇನೂ ಇರಲಿಲ್ಲ. ವಾಪಸು ಬರುವಾಗ ದೇವರ ಹಿಪ್ಪರಗಿಯಲ್ಲಿ ಹತ್ತಿದ ಒಬ್ಬ ಯಜಮಾನರು ನನ್ನ ಪಕ್ಕದಲ್ಲಿ ಕೂತರು. ನಾನು ಡಬ್ಬಿ ತೆರೆದು ಧೂಳು ಗಂಟುಕಟ್ಟಿದೆಯೋ ಏನೋ ಅಂತ ನೋಡುತ್ತಿದ್ದೆ. "ಒಂದ ಚಿಟಿಗಿ ಕೊಡ್ರಲಾ," ಎಂದವರೇ ನಾನು ಬಾಯಿ ತೆರೆಯುವುದರೊಳಗೆ ತೆಗೆದು ಮೂಗಿಗೇರಿಸಿದರು. ಸೀನು ಬರಲಿಲ್ಲ. "ಏನೂ ಖಾರ ಇಲ್ಲ ಇದು," ಎಂದು ಬೇಸರದಿಂದ ಕಿಟಕಿಯ ಕಡೆ ತಿರುಗಿದರು. ಎಷ್ಟು ಗಿಡ ಅವರ ಮೂಗಿನಲ್ಲಿ ಹೋದವೋ ದೇವರಿಗೇ ಗೊತ್ತು.

ನನ್ನ ಹೆಣ್ಣು ಗಿಡ ಹೂ ಬಿಡಲು ಇನ್ನೂ ಮೂರು ವಾರವಿತ್ತು. ಅಲ್ಲಿಯ ತನಕ ಡಬ್ಬಿ ಇಂಡಿಯ ಔಷಧದಂಗಡಿಯ ಫ್ರಿಜ್ಜಿನಲ್ಲಿ ಇಂಜೆಕ್ಷನ್ ಬಾಟಲಿಗಳ ನಡುವೆ ಕೂತಿತು. ನಾನು ದಿನಕ್ಕೆರಡು ಸಲ ಹೋಗಿ ಅದನ್ನು ನೋಡುತ್ತಿದ್ದೆ. ಕಡೆಗೆ ಅಂಗಡಿಯವನು, ಇನ್ನೊಮ್ಮೆ ಬಂದರೆ ಡಬ್ಬಿ ರಸ್ತೆಗೆ ಎಸೆಯುತ್ತೇನೆ ಅಂದ. ಹೂ ಬಿಡುವ ಮೊದಲೇ ಹೆಂಡತಿ ಹಳೆ ಧೋತರದ ಚೀಲ ಹೊಲಿದು ಹೊಂಬಾಳೆಗೆ ಕಟ್ಟಿದಳು, ಬೇರೆ ಧೂಳು ತಾಗಬಾರದೆಂದು. ಹೂ ಬಿರಿದಾಗ ಕೋಳಿಯ ಪುಕ್ಕದಿಂದ ಈಚಲ ಧೂಳು ಸವರಿದವಳೂ ಅವಳೇ. ನಾನು ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದೆ.

ಕಾಯಿ ಕಟ್ಟಿ, ಕಪ್ಪಾಗಿ, ಬೀಜ ಕೈಗೆ ಬರುವುದರೊಳಗೆ ಮತ್ತೆ ಚಳಿಗಾಲ ಹತ್ತಿರ ಬಂತು. ಬಿತ್ತಿದೆ. ಇಲ್ಲಿ ನನ್ನ ಸ್ವಭಾವ ನನ್ನನ್ನೇ ತಿಂದಿತು. ಹದಿನೈದು ದಿನಕ್ಕೇ ಮೊಳಕೆ ಬಂದಿದೆಯೋ ಇಲ್ಲವೋ ಅಂತ ಬೆರಳಿನಿಂದ ಮಣ್ಣು ಕೆದರಿ ನೋಡತೊಡಗಿದೆ. ಈ ಜಾತಿಯ ಬೀಜ ಮೊದಲು ಒಂದು ಬಿಳಿ ಕೊಳವೆಯನ್ನು ಕೆಳಗಿಳಿಸುತ್ತದೆ, ಎಲೆ ಆಮೇಲೆ ಬರುತ್ತದೆ. ನಾನು ಕೆದರಿದ್ದರಲ್ಲಿ ಹತ್ತಕ್ಕೂ ಹೆಚ್ಚು ಕೊಳವೆ ಮುರಿದು ಹೋದವು. ಹೆಂಡತಿ ಬಂದು ನನ್ನ ಕೈ ಹಿಡಿದು ಎಬ್ಬಿಸಿದಳು. "ಇನ್ನ ಇದಕ್ಕ ನೀರ ಹಾಕಾಕಿ ನಾ. ನೀವು ಈ ಕಡಿ ಬರಬ್ಯಾಡ್ರಿ," ಅಂದಳು. ಕಡೆಗೆ ಹದಿನೆಂಟು ಸಸಿ ಎದ್ದವು. ನೋಡಲಿಕ್ಕೆ ಹುಲ್ಲಿನೆಸಳು, ಬೇರೇನಿಲ್ಲ.

ಆ ಚಳಿಗಾಲ ಅವನ್ನು ಒಳಗಿಟ್ಟು, ಮರುವರ್ಷದ ಚಳಿಗಾಲದಲ್ಲಿ ಹದಿನೆಂಟನ್ನೂ ನರ್ಸರಿಯ ತಗ್ಗಿನಲ್ಲಿ, ಬಾವಿಯ ಹತ್ತಿರ ಬಯಲಿಗೆ ಇಟ್ಟೆ. ಪರೀಕ್ಷೆ ಅಂದರೆ ಅಷ್ಟೇ. ಚಳಿಗೆ ಬಿಡುವುದು, ಸಾಯುವುದು ಸಾಯಲಿ, ಉಳಿದದ್ದೇ ಚಳಿ ತಾಳುವ ಜಾತಿ. ಹೇಳಲಿಕ್ಕೆ ಸುಲಭ. ದಿನಾ ಬೆಳಗಾದರೆ ಓಡಿ ಹೋಗಿ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಎಲೆ ಮುಟ್ಟುತ್ತಿದ್ದೆ. ಏಳು ಸಸಿ ಕಂದಿದವು. ಏಳನೆಯದರ ಎಲೆ ಕೈಗೆ ಬಂದ ದಿನ ಎದ್ದವನು ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ಸಿಂದಗಿ ಬಸ್ಸು ಹತ್ತಿದೆ. ಸಿಂದಗಿಯಲ್ಲಿ ಅಕ್ಕನ ಮನೆ. ಅಲ್ಲಿ ಹದಿನೈದು ದಿನ ಇದ್ದೆ. ಮನೆಗೆ ಹೇಳಿ ಕಳಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ವಾಪಸು ಬಂದಾಗ ಹೆಂಡತಿ ಎಲ್ಲಿ ಹೋಗಿದ್ದಿರಿ ಅಂತ ಕೇಳಲಿಲ್ಲ. ನೀರು ಕೊಟ್ಟಳು, ರೊಟ್ಟಿ ಬಡಿಯಲು ಕೂತಳು.

ಮುಂದಿನ ಎರಡು ಚಳಿಗಾಲ ನಾನು ಮೊದಲೇ ದಾರಿ ಮಾಡಿಕೊಂಡೆ. ಚಳಿ ಹೆಚ್ಚುವ ವಾರಗಳಲ್ಲಿ ಲಿಂಬೆ ಸಸಿ ಕೊಡುವ ನೆಪ ಮಾಡಿ ಸಿಂದಗಿ, ಮುದ್ದೇಬಿಹಾಳ ಅಂತ ಸುತ್ತಲು ಹೊರಡುತ್ತಿದ್ದೆ. ಬೇರೆಯವರ ಅಂಗಳದ ಪಾಮ್ ಎಷ್ಟು ಸುಟ್ಟಿವೆ ನೋಡಿ ಬರಬೇಕು, ಅದೂ ಕೆಲಸವೇ, ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೊರಡುವ ಮುಂಚೆ ಬೇವಿನ ಗಿಡಕ್ಕೆ ಥರ್ಮಾಮೀಟರ್ ಕಟ್ಟಿ, ಒಂದು ನೋಟ್‌ಬುಕ್ಕು ಹೆಂಡತಿಯ ಕೈಯಲ್ಲಿಟ್ಟು, ದಿನಾ ಹೊತ್ತು ಮೂಡುವಾಗ ಚಳಿ ಎಷ್ಟು ಡಿಗ್ರಿ, ಗಿಡ ಹೇಗಿವೆ, ಎರಡೇ ಬರಿ ಅಂತ ಹೇಳಿದ್ದೆ. ಅವಳು ತಪ್ಪದೆ ಬರೆದಳು. ಅವಳ ದುಂಡು ಅಕ್ಷರ ಈಗಲೂ ನನ್ನ ಹತ್ತಿರ ಇವೆ. "ಇವತ್ತ ಏಳು. ಹನ್ನೊಂದೂ ಚಲೋ ಅದಾವು." "ಇವತ್ತ ಆರು. ಎಲ್ಲಾ ಚಲೋ ಅದಾವು."

ಎರಡನೆಯ ವರ್ಷ ನಿಜವಾದ ಗರಿ ಮೂಡಿತು. ತಾಯಿಯ ಹಾಗೆ ತೆಳ್ಳಗೆ ಬಾಗಿದ ಗರಿ, ಬಣ್ಣ ಮಾತ್ರ ಈಚಲಿನ ಬೂದಿ ಹಸಿರು. ಮೂರನೆಯ ವರ್ಷ ಬುಡದಲ್ಲಿ ಮುಳ್ಳು ಬಂದವು, ತಂದೆಯವೇ, ಗಟ್ಟಿ ಮುಳ್ಳು. ಊರೆಲ್ಲ ಹೇಳಿಕೊಂಡು ತಿರುಗಿದೆ. ಹನ್ನೊಂದಕ್ಕೆ ಹನ್ನೊಂದು ನಿಂತಿದ್ದವಲ್ಲ.

ಮುಂದಿನ ಮಳೆಗಾಲದ ಮೊದಲಿಗೆ, ಈ ಸಲ ಅವಸರ ಮಾಡದೆ ಸರಿಯಾದ ಹೊತ್ತಿಗೆ, ಹನ್ನೊಂದರಲ್ಲಿ ಐದನ್ನು ಬೀಜಕ್ಕೆ ಉಳಿಸಿಕೊಂಡು ಆರು ಗಿಡ ಬಸವನ ಬಾಗೇವಾಡಿಗೆ ಒಯ್ದು ಗೇಟಿನಿಂದ ವರಾಂಡದ ತನಕ ನೆಟ್ಟೆ. "ಮೂರು ಚಳಿಗಾಲ ಬಯಲಾಗ ನಿಂತಾವ್ರಿ ಬಾಯಾರ," ಅಂದೆ. ಹೆಡ್‌ಬಾಯಿಯವರು ಒಂದೊಂದರ ಗರಿಯನ್ನೂ ಸವರಿ ನೋಡಿದರು. ಮೊದಲಿನ ಗಿಡಗಳಿಗೆ ನೀರು ಹೊತ್ತ ಹುಡುಗಿಯರು ಶಾಲೆ ಬಿಟ್ಟು ಹೋಗಿದ್ದರು. ಹೊಸ ಹುಡುಗಿಯರಿಗೆ ಮತ್ತೆ ಒಂದೊಂದು ಗಿಡ ಹಂಚಿದರು. ಅವರ ರಿಟೈರ್‌ಮೆಂಟಿಗೆ ಇನ್ನೊಂದು ಚಳಿಗಾಲ ಬಾಕಿಯಿತ್ತು.

ದಸರೆಯ ಮುಂಚೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೆ ಹೋಗಿ ಒಗೆಯುವುದು ಪದ್ಧತಿ. ನವರಾತ್ರಿಯ ಘಟ ಹಾಕುವ ಮನೆಯಲ್ಲಿ ಒಂದು ಮೈಲಿಗೆ ಬಟ್ಟೆ ಉಳಿಯಬಾರದು. ಒದ್ದೆ ಕೌದಿ ಹೆಣ ಭಾರ, ಹಿಂಡಲು ಇಬ್ಬರು ಬೇಕು. ಹಳೆ ಸೀರೆ ಪದರು ಪದರಾಗಿ ಇಟ್ಟು ನನ್ನ ಹೆಂಡತಿಯೇ ಹೊಲಿದ ದೊಡ್ಡ ಕೌದಿ ಅದು. ಒಂದು ತುದಿ ನಾನು ಹಿಡಿದೆ, ಒಂದು ತುದಿ ಅವಳು. ಹಿಂಡಿ ಬಂಡೆಯ ಮೇಲೆ ಹರವಿದಾಗ ಬಿಸಿಲು ಅದರೊಳಗಿಂದ ಚುಕ್ಕಿ ಚುಕ್ಕಿಯಾಗಿ ಬಂಡೆಗೆ ಬಿತ್ತು. ಕೌದಿಯ ತುಂಬ ತೂತು. ಇಲಿ ಕಡಿದ ತೂತಲ್ಲ, ಚುಚ್ಚಿದ ತೂತು. ಅಂಚಿನ ಹೊಲಿಗೆಯಲ್ಲಿ ಏನೋ ಸಿಕ್ಕಿತ್ತು. ಕಿತ್ತು ನೋಡಿದೆ. ಒಣಗಿದ ಮುಳ್ಳು. ಆ ಮುಳ್ಳನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತಿದ್ದೆ.

"ಇದನ್ನ ಗಿಡಕ್ಕ ಹೊಚ್ಚಿದ್ದೇನು?" ಅಂದೆ.

"ಹೊಚ್ಚಿದ್ದೆ," ಎಂದಳು.

"ಯಾವಾಗ?"

"ಎರಡೂ ವರ್ಷ. ಚಳಿ ಜೋರ ಇದ್ದಾಗೆಲ್ಲ. ಹೊತ್ತ ಮುಳಗಿದ ಮ್ಯಾಲೆ ಹೊಚ್ಚತಿದ್ದೆ, ಹೊತ್ತ ಮೂಡಿದ ಮ್ಯಾಲೆ ತಗೀತಿದ್ದೆ." ಕೌದಿಯ ಅಂಚು ಎಳೆದು ಸರಿಮಾಡುತ್ತಾ, "ಎಳ್ಳ ಅಮಾಸಿ ದಿನ ಹೊಲಕ್ಕೆಲ್ಲ ಅಡಗಿ ಒಯ್ದು ಚರಗ ಚೆಲ್ಲಿ ಉಣಸ್ತೇವಿ. ಅವು ಹನ್ನೊಂದು ಬಾವಿ ಕಡೆ ಚಳಿಯಾಗ ಹಂಗ ನಿಂತಿರತಿದ್ವು," ಎಂದಳು.

ನೋಟ್‌ಬುಕ್ಕಿನಲ್ಲಿ ಅವಳು ಸುಳ್ಳು ಬರೆದಿರಲಿಲ್ಲ. ಬೇವಿನ ಗಿಡದ ಚಳಿ ಆರೇ ಇತ್ತು, ಗಿಡ ಚೆನ್ನಾಗಿಯೇ ಇದ್ದವು. ನಡುವೆ ಒಂದು ಕೌದಿ ಇತ್ತು, ಅದನ್ನು ನಾನು ಕೇಳಿರಲಿಲ್ಲ. ಅವತ್ತು ಹಳ್ಳದಲ್ಲಿ ನಾಲ್ಕು ಜನ ಕೇಳುವ ಹಾಗೆ ಕೂಗಾಡಿದೆ. ವರ್ಷಗಟ್ಟಲೆ ಮಾಡಿದ್ದನ್ನು ನೀನು ನೀರಿಗೆ ಹಾಕಿದೆ, ನಾನು ಯಾವ ಮುಖ ಹೊತ್ತು ಬಾಗೇವಾಡಿಗೆ ಹೋಗಲಿ, ಅಂತೆಲ್ಲ ಅಂದೆ. ಅವಳು ಇನ್ನೊಂದು ಕೌದಿ ನೀರಿಗಿಳಿಸಿ ಒಗೆಯುತ್ತಾ ಇದ್ದಳು. ಯಾಕೆ ಹೊಚ್ಚಿದೆ ಅಂತ ಮಾತ್ರ ನಾನು ಕೇಳಲಿಲ್ಲ. ಕನಿಕರಕ್ಕೆ ಅಂತ ನನಗೆ ನಾನೇ ತಿಳಿದುಕೊಂಡೆ.

ದಸರೆ ಮುಗಿದ ಮೇಲೆ ಹೆಡ್‌ಬಾಯಿಯವರ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಈ ಗಿಡ ಚಳಿ ತಾಳುತ್ತವೆ ಅಂದದ್ದು ನನಗೇ ಗೊತ್ತಿಲ್ಲದ ಮಾತು, ಕಿತ್ತು ವಾಪಸು ಒಯ್ಯುತ್ತೇನೆ ಅಂದೆ.

"ಕೀಳಬ್ಯಾಡ," ಎಂದರು.

"ಹಂಗಾದ್ರ ಚಳಿಗಾಲಕ್ಕ ಏನರೆ ಹೊಚ್ಚೂಣ್ರಿ."

"ಹೊಚ್ಚೂದೂ ಬ್ಯಾಡ. ನೀ ಬಂದು ಕೂಡು. ಎಲ್ಲಾ ಮುಗಿಯೂತನಕ ಕೂಡು. ಅವು ಸತ್ರ ಹುಡುಗ್ಯಾರ ಮುಂದ ನಿಂತು ನೀನ ಹೇಳಬೇಕು. ಈ ಸಲ ನಾ ಹೇಳಾಕಿ ಅಲ್ಲ."

ಎಳ್ಳ ಅಮಾವಾಸ್ಯೆ ಕಳೆದ ಮರುದಿನ ಗಾಳಿ ತಿರುಗಿತು. ನಾನು ಚೀಲ ತುಂಬಿಕೊಂಡೆ. ಹೊರಡುವಾಗ ಹೆಂಡತಿ ಅದೇ ತೂತಿನ ಕೌದಿ ಮಡಚಿ ಹೆಗಲಿಗೆ ಹಾಕಿದಳು. ಬಾಗೇವಾಡಿಯಲ್ಲಿ ಗುರುತಿನವರ ಮನೆಯಲ್ಲಿ ಮಲಗಿ, ನಸುಕಿಗೆ ಎದ್ದು ಶಾಲೆಯ ವರಾಂಡಕ್ಕೆ ಹೋಗಿ ಕೂತೆ. ಒಂಬತ್ತು ದಿನ. ಮೊದಲ ದಿನ ಅರ್ಧ ತಾಸಿಗೆ ಹನ್ನೊಂದು ಸಲ ಎದ್ದೆ. ಎರಡನೆಯ ದಿನ ಗೇಟಿನ ತನಕ ಹೋಗಿ, ಅಲ್ಲಿಂದ ಮುದ್ದೇಬಿಹಾಳದ ಬಸ್ಸು ಹೋಗುವುದನ್ನು ನೋಡಿ, ಕಾಲು ಎಳೆದುಕೊಂಡು ವಾಪಸು ಬಂದೆ. ಕೌದಿಯ ತೂತುಗಳಲ್ಲಿ ಗಾಳಿ ಸೂಜಿಯ ಹಾಗೆ ಒಳಗೆ ಬರುತ್ತಿತ್ತು. ಗಿಡಗಳು ಹತ್ತು ಹೆಜ್ಜೆ ದೂರದಲ್ಲಿ ಬರಿಮೈಯಲ್ಲಿ ನಿಂತಿದ್ದವು. ಐದನೆಯ ದಿನದ ನಂತರ ಏಳುವುದು ಕಡಿಮೆಯಾಯಿತು. ಕೈಗೆ ಕೆಲಸವಿಲ್ಲದೆ ಏನನ್ನಾದರೂ ಕಡೆತನಕ ನೋಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಆರನೆಯ ದಿನ ಗೇಟಿನ ಹತ್ತಿರದ ಎರಡು ಗಿಡದ ತುದಿ ತಾಮ್ರದ ಬಣ್ಣಕ್ಕೆ ತಿರುಗಿತು. ಆಗ ನನಗೆ ಬಹಳ ಹೆದರಿಕೆಯಾಯಿತು. ಆದರೂ ಕೂತೇ ಇದ್ದೆ.

ಚಳಿ ಮುರಿದ ಹತ್ತು ದಿನಕ್ಕೆ ಮತ್ತೆ ಹೋದೆ. ಸುಳಿ ಕೊಳೆತಿದೆಯೋ ಇಲ್ಲವೋ ಗೊತ್ತಾಗಲು ಅಷ್ಟು ದಿನ ಬೇಕು. ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಬಾಯಿಯವರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ನನ್ನ ಕಡೆ ತಿರುಗಿ, "ಎಳಿ," ಎಂದರು.

ವರಾಂಡದ ಬದಿಯ ಮೊದಲನೆಯದರ ಸುಳಿ ಹಿಡಿದು ಎಳೆದೆ. ಬರಲಿಲ್ಲ. ಎರಡನೆಯದೂ ಬರಲಿಲ್ಲ. ಮೂರನೆಯದೂ, ನಾಲ್ಕನೆಯದೂ ಬರಲಿಲ್ಲ. ನಾಲ್ಕನೆಯದರಲ್ಲಿ ಮುಳ್ಳು ಹೆಬ್ಬೆರಳಿಗೆ ಇಳಿಯಿತು. ಐದನೆಯದು ಸುಮ್ಮನೆ ಕೈಗೆ ಬಂತು. ಆರನೆಯದೂ ಬಂತು. ಎರಡು ಸುಳಿಗಳನ್ನು ಹಿಡಿದುಕೊಂಡು ಹುಡುಗಿಯರ ಮುಂದೆ ನಿಂತೆ. ಇವು ಚಳಿ ತಾಳುತ್ತವೆ ಅಂತ ನೋಡದೇ ಹೇಳಿದ್ದು ನಾನು, ನೀವು ನೀರು ಹಾಕಿದ್ದರಲ್ಲಿ ಏನೂ ತಪ್ಪಿಲ್ಲ, ಅಂದೆ. ಆ ಎರಡು ಗಿಡದ ಹುಡುಗಿಯರು ತಲೆ ತಗ್ಗಿಸಿದರು. ಹೆಡ್‌ಬಾಯಿಯವರು ಚಾಳೀಸು ತೆಗೆದು ಸೆರಗಿನಿಂದ ಒರೆಸಿಕೊಂಡು, "ನಾಕು ನಿಂತಾವು. ಕ್ಲಾಸಿಗೆ ನಡೀರಿ," ಎಂದರು.

ಮನೆಗೆ ಬಂದಾಗ ಮಧ್ಯಾಹ್ನ. ಹೆಂಡತಿ ತಾಟು ಇಟ್ಟು ಬಿಸಿ ರೊಟ್ಟಿ ಹಾಕಿದಳು.

"ಎಷ್ಟ ಉಳದ್ವು?"

"ನಾಕು."

"ಚಲೋ ಆತು," ಎಂದು ಪಲ್ಯ ಬಡಿಸಿದಳು.

ಹಳ್ಳದಲ್ಲಿ ಕೇಳದೆ ಬಿಟ್ಟದ್ದನ್ನು ಆಗ ಕೇಳಿದೆ. "ಯಾಕ ಹೊಚ್ಚಿದಿ? ಗಿಡ ಉಳೀಲಿ ಅಂತೇನು?"

ಅವಳು ಒಲೆಯ ಕೊಳ್ಳಿ ಹಿಂದಕ್ಕೆಳೆದಳು. "ಮೊದಲ ವರ್ಷ ಏಳು ಸತ್ತಾಗ ಹದಿನೈದು ದಿನ ನೀವು ಎಲ್ಲಿದ್ರಿ ಅಂತ ನನಗ ಗೊತ್ತಿದ್ದಿಲ್ಲ," ಎಂದಳು. "ಇನ್ನ ಹನ್ನೊಂದು ಇದ್ವು. ಅವೂ ಸತ್ವು ಅಂತ ನಾ ಬುಕ್ಕಿನಾಗ ಬರದದ್ದ ನೋಡಿ ಮತ್ತ ಹೋಗಿದ್ರ, ನೀವು ತಿರಿಗಿ ಬರತಿದ್ರೋ ಇಲ್ಲೋ."

ಎದ್ದು ಬಾಗಿಲ ತನಕ ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ತಾಟಿನ ರೊಟ್ಟಿ ಮುಗಿಯುವ ತನಕ ಅವಳ ಎದುರಿಗೆ ಕೂತೇ ಇದ್ದೆ.